ಪ್ರವಾಸ ಮುಗಿಸಿ ಬಂದು ಆರು ದಿನ ಆಯ್ತು, ಮನಸ್ಸು ಮಾತ್ರ ಇನ್ನೂ ಬಂದಿಲ್ಲ

ಉಪ್ಪುಗಾಳಿ:

ಕಳೆದ ಭಾನುವಾರ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದೆವು. ಒಂಬತ್ತು ದಿನದ ಪ್ರವಾಸ. ನಾನು, ಗಂಡ, ಏಳು ವರ್ಷದ ಮಗಳು, ಜೊತೆಗೆ ನನ್ನ ಅಪ್ಪ. ಸಮುದ್ರದ ಹತ್ತಿರ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದಿದ್ದೆವು. ನೋಡಲೇಬೇಕಾದ ಜಾಗ ಅಂತ ಅಲ್ಲಿ ಜಾಸ್ತಿ ಏನೂ ಇರಲಿಲ್ಲ. ನಾವು ಹುಡುಕಿಕೊಂಡು ಹೋಗಲೂ ಇಲ್ಲ. ಸುಮ್ನೆ ಇದ್ದು ಬಂದೆವು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೇ ಕೆಲಸಕ್ಕೆ ಕೂತೆ. ಅವತ್ತಿನಿಂದ ಮನಸ್ಸು ಏಳುತ್ತಲೇ ಇಲ್ಲ. ಜಗಳ ಇಲ್ಲ, ಕಾಯಿಲೆ ಇಲ್ಲ, ಕೆಲಸದಲ್ಲಿ ಹೊಸ ತಲೆನೋವೂ ಇಲ್ಲ. ಆದರೂ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಎದೆ ಭಾರ. ಯಾರಾದರೂ "ಟ್ರಿಪ್ ಹೇಗಿತ್ತು" ಅಂತ ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತೇನೆ. ಅಷ್ಟು ಹೇಳುವಷ್ಟರಲ್ಲೇ ಗಂಟಲು ಕಟ್ಟುತ್ತದೆ.

ಸೂಟ್‌ಕೇಸ್ ಇನ್ನೂ ಹಾಲ್‌ನ ಮೂಲೆಯಲ್ಲೇ ಇದೆ. ನಿನ್ನೆ ಚಾರ್ಜರ್ ಹುಡುಕಲು ತೆಗೆದೆ. ಮಗಳ ಚಪ್ಪಲಿ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿತ್ತು. ಎತ್ತಿದೆ, ಕವರ್ ಹರಿದಿತ್ತು, ಒಂದು ಹಿಡಿ ಮರಳು ನೆಲದ ಮೇಲೆ ಸುರಿಯಿತು. ಪೊರಕೆ ತರೋಣ ಅಂತ ಎದ್ದವಳು ಅಲ್ಲೇ ಕೂತುಬಿಟ್ಟೆ. ಮಗಳು ಬಂದು "ಅಮ್ಮಾ, ಯಾಕೆ ಅಳ್ತಿದ್ದೀಯ" ಅಂದಾಗಲೇ ನಾನು ಅಳುತ್ತಿದ್ದೇನೆ ಅಂತ ಗೊತ್ತಾಗಿದ್ದು.

ಹೇಳಿಕೊಳ್ಳಲೂ ಸಂಕೋಚ. ಎಷ್ಟೋ ಜನಕ್ಕೆ ಒಂದು ದಿನದ ರಜೆಯೂ ಸಿಗುವುದಿಲ್ಲ. ಒಂಬತ್ತು ದಿನ ಆರಾಮವಾಗಿ ಇದ್ದು ಬಂದು ಈಗ ಬೇಜಾರು ಅಂದರೆ ಕೇಳಿದವರು ಏನಂದುಕೊಳ್ಳುತ್ತಾರೆ? ನಿಮಗೂ ಹೀಗಾಗಿದೆಯಾ? ಎಷ್ಟು ದಿನ ಇರುತ್ತದೆ? ಏನು ಮಾಡಿದಿರಿ?

ಹಳೇ ಗಡಿಯಾರ:

ಆಗಿದೆ. ಪ್ರತಿ ಸಲ ಆಗುತ್ತದೆ. ನನಗೆ ಬಂದ ದಿನಕ್ಕಿಂತ ಮೂರನೇ ದಿನ ಕಷ್ಟ. ಮೊದಲೆರಡು ದಿನ ಬಟ್ಟೆ ಒಗೆಯುವುದು, ಮನೆ ಗುಡಿಸುವುದು, ಎಲ್ಲರಿಗೂ ಫೋನ್ ಮಾಡುವುದು ಅಂತ ಕಳೆದುಹೋಗುತ್ತದೆ. ಮೂರನೇ ದಿನ ಸಂಜೆ ಕೈ ಖಾಲಿಯಾಗುತ್ತದೆ. ಮುಗಿಯಿತು ಅನ್ನುವುದು ಆಗ ಒಳಗಿಳಿಯುತ್ತದೆ.

ಸಂಕೋಚ ಪಡಬೇಡಿ. ಹೊಟ್ಟೆ ತುಂಬಿದವರಿಗೂ ಹಲ್ಲು ನೋಯುತ್ತದೆ ಅಲ್ವಾ.

ನೇರ ಮಾತು:

ನನ್ನ ಮಾತು ಸ್ವಲ್ಪ ಗಟ್ಟಿ ಅನಿಸಬಹುದು, ಆದರೂ ಹೇಳುತ್ತೇನೆ. ಇದನ್ನು ಜಾಸ್ತಿ ಕೆದಕಬೇಡಿ. ಮನಸ್ಸಿಗೆ ರಜೆಯ ರುಚಿ ಹತ್ತಿದೆ, ಬಿಡಿಸಿಕೊಳ್ಳಲು ನಾಲ್ಕು ದಿನ ಬೇಕು. ಕೆಲಸಕ್ಕೆ ಇಳಿಯಿರಿ. ಸೂಟ್‌ಕೇಸ್ ಇವತ್ತೇ ಖಾಲಿ ಮಾಡಿ. ಅದು ಕಣ್ಣಿಗೆ ಬೀಳುತ್ತಿರುವಷ್ಟು ದಿನ ನೀವು ಅರ್ಧ ಅಲ್ಲೇ ಇರುತ್ತೀರಿ. ನಾನು ಎಷ್ಟು ಹೊತ್ತಿಗೆ ಬಂದರೂ ಬ್ಯಾಗ್ ಖಾಲಿ ಮಾಡಿಯೇ ಮಲಗುವುದು. ನನಗೆ ಇದರಿಂದ ನಿಜವಾಗಿ ಉಪಯೋಗ ಆಗಿದೆ.

ರಾತ್ರಿ ಪಾಳಿ:

ನಾನು ನರ್ಸ್. ಹದಿನಾಲ್ಕು ವರ್ಷದಿಂದ ಹಗಲು ರಾತ್ರಿ ಪಾಳಿ ಬದಲಾಯಿಸುತ್ತಾ ಬದುಕಿದ್ದೇನೆ. ಹಾಗಾಗಿ ಮನಸ್ಸಿನ ಮಾತಿಗೆ ಮೊದಲು ನಿದ್ದೆ ವಿಚಾರಿಸುತ್ತೇನೆ. ಭಾನುವಾರ ರಾತ್ರಿ ಹನ್ನೊಂದಕ್ಕೆ ಬಂದಿರಿ, ಸೋಮವಾರ ಒಂಬತ್ತಕ್ಕೆ ಕೆಲಸ. ಆ ವಾರ ಒಂದು ರಾತ್ರಿಯಾದರೂ ಸರಿಯಾಗಿ ಮಲಗಿದಿರಾ?

ಪ್ರವಾಸದಲ್ಲಿ ಮಲಗುವ ಹೊತ್ತು ಬದಲಾಗುತ್ತದೆ. ನಮ್ಮ ಮೈಯೊಳಗಿನ ಗಡಿಯಾರ ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ. ಹಾಗಾಗಿ ನಿದ್ದೆಯನ್ನು ಮುಂದೂಡುವುದು ಸುಲಭ, ಹಿಂದಕ್ಕೆ ಎಳೆದು ತರುವುದು ಕಷ್ಟ. ರಜೆಯಲ್ಲಿ ತಡವಾಗಿ ಮಲಗಿ ಅಭ್ಯಾಸವಾದವರು ಬಂದ ರಾತ್ರಿಯೇ ಬೇಗ ಮಲಗುತ್ತೇನೆ ಅಂದರೆ ಮೈ ಕೇಳುವುದಿಲ್ಲ. ವಿಮಾನದಲ್ಲಿ ದೂರ ದೇಶಕ್ಕೆ ಹೋಗಿ ಬಂದವರಿಗೆ ಇದು ಇನ್ನೂ ಜಾಸ್ತಿ. ಗಡಿಯಾರದಲ್ಲಿ ಎಷ್ಟು ಗಂಟೆ ವ್ಯತ್ಯಾಸವೋ ಹೆಚ್ಚು ಕಡಿಮೆ ಅಷ್ಟು ದಿನ ಬೇಕು. ಪೂರ್ವದ ಕಡೆಗೆ ಬಂದರೆ ಪಶ್ಚಿಮಕ್ಕೆ ಹೋದದ್ದಕ್ಕಿಂತ ಕಷ್ಟ, ಕಾರಣ ಮೇಲೆ ಹೇಳಿದ್ದೇ, ಪೂರ್ವಕ್ಕೆ ಬಂದವರು ನಿದ್ದೆಯನ್ನು ಹಿಂದಕ್ಕೆ ಎಳೆದು ಬೇಗ ಮಲಗಬೇಕು. ಜೀವಕೋಶಗಳಲ್ಲಿ ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಕೊಟ್ಟರು. ಅಂದರೆ ಇದು ಸೋಮಾರಿತನದ ಮಾತಲ್ಲ.

ನಿದ್ದೆ ಕೆಟ್ಟವರಿಗೆ ಲೋಕವೇ ಬೂದು ಬಣ್ಣ ಕಾಣುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಬೆಳಗ್ಗೆ ನನಗೆ ನನ್ನ ಬದುಕಿನಲ್ಲಿ ಒಂದೂ ಸರಿಯಿಲ್ಲ ಅನಿಸುತ್ತದೆ. ಮಲಗಿ ಎದ್ದರೆ ಅದೇ ಬದುಕು, ಅದೇ ಮನೆ, ಏನೂ ತೊಂದರೆ ಇಲ್ಲ.

ಮಾಡಬೇಕಾದದ್ದು ಇಷ್ಟೇ. ಬೆಳಗ್ಗೆ ಎದ್ದ ಒಂದು ಗಂಟೆಯೊಳಗೆ ಹೊರಗಿನ ಬೆಳಕಿಗೆ ಹೋಗಿ. ಕಿಟಕಿ ಪಕ್ಕ ಕೂತರೆ ಸಾಲದು, ಹೊರಗೆ ಹೋಗಬೇಕು. ಮೋಡ ಇದ್ದರೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಏಳುವ ಹೊತ್ತು ದಿನಾ ಒಂದೇ ಇರಲಿ, ನಿದ್ದೆ ಬರಲಿ ಬಿಡಲಿ. ಹಗಲು ಮಲಗಿದರೂ ಅರ್ಧ ಗಂಟೆ ದಾಟಬೇಡಿ.

ಟಿಪ್ಪಣಿ ಪುಸ್ತಕ:

ಎಷ್ಟು ದಿನ ಅಂತ ಕೇಳಿದಿರಿ. ಅದನ್ನು ನಿಜವಾಗಿಯೂ ಅಳೆದು ನೋಡಿದವರಿದ್ದಾರೆ. ನಾನೂ ಇದೇ ಪ್ರಶ್ನೆ ಹೊತ್ತು ಒಂದು ವರ್ಷ ಓದಿದ್ದೇನೆ.

ನೆದರ್ಲೆಂಡ್ಸ್‌ನಲ್ಲಿ ಯೆರೂನ್ ನವೈನ್ ಮತ್ತು ಜೊತೆಗಾರರು 1,530 ಜನರನ್ನು ಗಮನಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 974 ಜನ ಪ್ರವಾಸ ಹೋಗಿ ಬಂದವರು. ಹೋಗುವ ಮೊದಲು ಇವರು ಮನೆಯಲ್ಲೇ ಉಳಿದವರಿಗಿಂತ ಖುಷಿಯಾಗಿದ್ದರು. ಬಂದ ಮೇಲೆ ನೋಡಿದರೆ ಇಬ್ಬರ ನಡುವೆ ವ್ಯತ್ಯಾಸವೇ ಇರಲಿಲ್ಲ. ಪ್ರವಾಸ ತುಂಬಾ ಆರಾಮವಾಗಿತ್ತು ಅಂದವರಲ್ಲಿ ಮಾತ್ರ ಖುಷಿ ಒಂದೆರಡು ವಾರ ಉಳಿಯಿತು. ಎಂಟು ವಾರದ ಹೊತ್ತಿಗೆ ಅದೂ ಇಲ್ಲ.

ಇನ್ನೊಂದು ಜೆಸ್ಸಿಕಾ ಡಿ ಬ್ಲೂಮ್ ಮತ್ತು ಜೊತೆಗಾರರದು, 2013ರಲ್ಲಿ ಬಂದದ್ದು. ಸರಾಸರಿ 23 ದಿನ ರಜೆ ಹಾಕಿದ 54 ನೌಕರರನ್ನು ಹೋಗುವ ಮೊದಲು, ರಜೆಯಲ್ಲಿದ್ದಾಗ, ಬಂದ ಮೇಲೆ ಮತ್ತೆ ಮತ್ತೆ ವಿಚಾರಿಸಿದರು. ಮನಸ್ಸು, ಆರೋಗ್ಯ ಎರಡೂ ಎಂಟನೇ ದಿನದ ಸುಮಾರಿಗೆ ಎಲ್ಲಕ್ಕಿಂತ ಮೇಲಿದ್ದವು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಮೊದಲಿದ್ದ ಜಾಗಕ್ಕೆ ಇಳಿದವು.

ನಿಮ್ಮದು ಒಂಬತ್ತು ದಿನ ಅಲ್ವಾ. ಅದು ಓದಿದಾಗ ಇದೇ ನೆನಪಾಯಿತು. ಮನಸ್ಸು ಪೂರ್ತಿ ಬಿಚ್ಚಿಕೊಂಡ ಹೊತ್ತಿಗೇ ಬ್ಯಾಗ್ ಕಟ್ಟಿದಿರೋ ಏನೋ. ಎತ್ತರದಿಂದ ಇಳಿದವರಿಗೆ ಸಮತಟ್ಟಾದ ನೆಲವೂ ಹಳ್ಳದ ಹಾಗೆ ಕಾಣುತ್ತದೆ. ನೀವು ಈಗ ನಿಂತಿರುವುದು ಬಹುಶಃ ಪ್ರವಾಸಕ್ಕೆ ಮೊದಲು ಇದ್ದ ಜಾಗದಲ್ಲೇ.

ನೇರ ಮಾತು ಅವರೇ, ಖುಷಿ ಇಳಿಯುವುದು ಸಹಜ ಅನ್ನುವುದಕ್ಕೆ ಇದು ಪುರಾವೆ. ಅಲ್ಲಿಗೆ ನಿಮ್ಮ ಮಾತು ಒಪ್ಪುತ್ತೇನೆ. ಕೆದಕಬೇಡಿ ಅನ್ನುವುದನ್ನು ಒಪ್ಪುವುದಿಲ್ಲ.

ಬಾಗಿಲ ಚಿಲಕ:

ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಮನೆಗೆ ಬಂದು ಬೀಗ ತೆಗೆದ ಕ್ಷಣದಿಂದ ಪ್ರವಾಸ ಮುಗಿಯುವುದು ಎಲ್ಲರಿಗೂ ಒಂದೇ ಥರ ಅಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಬ್ಯಾಗ್ ಇಳಿಸಿ ಸೋಫಾ ಮೇಲೆ ಬೀಳುತ್ತಿದ್ದರು. ನಾನು ನಿಂತೇ ಇರುತ್ತಿದ್ದೆ. ಮುಚ್ಚಿದ ಮನೆಯ ವಾಸನೆ, ಒಣಗಿದ ಗಿಡ, ನಾಲ್ಕು ಜನರ ಒಂಬತ್ತು ದಿನದ ಬಟ್ಟೆ, ಮರುದಿನ ಬೆಳಗ್ಗೆಗೆ ಏನೂ ಇಲ್ಲದ ಅಡುಗೆಮನೆ. ಅಲ್ಲಿ ಒಂಬತ್ತು ದಿನ ಯಾರೂ ನನ್ನನ್ನು "ಅದು ಎಲ್ಲಿದೆ" ಅಂತ ಕೇಳಿರಲಿಲ್ಲ. ಇಲ್ಲಿ ಹತ್ತು ನಿಮಿಷದಲ್ಲಿ ಹನ್ನೆರಡು ಸಲ ಕೇಳುತ್ತಿದ್ದರು.

ನಾನು ವರ್ಷಗಟ್ಟಲೆ ಇದನ್ನು ಬೇಜಾರು ಅಂದುಕೊಂಡಿದ್ದೆ. ಅದು ಬೇಜಾರಲ್ಲ, ದಣಿವು. ಬೇರೆಯವರು ಇಳಿಸಿದ ಭಾರ ನನ್ನ ತಲೆ ಮೇಲೆ ಬರುತ್ತಿತ್ತು.

ಈಗ ಎರಡು ಕೆಲಸ ಮಾಡುತ್ತೇವೆ. ರಜೆಯ ಕೊನೆಯ ಒಂದು ದಿನ ಮನೆಯಲ್ಲೇ ಕಳೆಯುತ್ತೇವೆ. ಪ್ರವಾಸ ಒಂದು ದಿನ ಚಿಕ್ಕದಾದರೂ ಪರವಾಗಿಲ್ಲ. ಎರಡನೆಯದು, ಹೊರಡುವ ಮೊದಲು ಹಾಸಿಗೆಗೆ ಒಗೆದ ಹೊದಿಕೆ ಹಾಸಿ ಹೋಗುತ್ತೇವೆ. ಬಂದ ರಾತ್ರಿ ಆ ಹಾಸಿಗೆ ಮೇಲೆ ಮಲಗಿದಾಗ ಯಾರೋ ನಮಗಾಗಿ ಕಾಯುತ್ತಿದ್ದ ಹಾಗೆ ಇರುತ್ತದೆ. ಬಟ್ಟೆಯ ಬ್ಯಾಗ್ ಅವರವರದು ಅವರವರೇ ಖಾಲಿ ಮಾಡಬೇಕು. ಏಳು ವರ್ಷದ ಮಗಳು ತನ್ನದು ಮಾಡಬಲ್ಲಳು, ನಿಮ್ಮ ಗಂಡನೂ ಮಾಡಬಲ್ಲರು. ಆ ಸೂಟ್‌ಕೇಸ್ ಯಾಕೆ ನಿಮಗೊಬ್ಬರಿಗೇ ಕಾಯುತ್ತಾ ಕೂತಿದೆ?

ಉಪ್ಪುಗಾಳಿ:

ಎಲ್ಲರಿಗೂ ಥ್ಯಾಂಕ್ಸ್. ಬಾಗಿಲ ಚಿಲಕ ಅವರ ಕೊನೆಯ ಸಾಲು ಗಂಡನಿಗೆ ಓದಿ ಹೇಳಿದೆ. ಒಂದು ಮಾತೂ ಆಡದೆ ಎದ್ದು ಹೋಗಿ ಸೂಟ್‌ಕೇಸ್ ಎಳೆದುಕೊಂಡು ಬಂದರು. ಮೂವರೂ ನೆಲದ ಮೇಲೆ ಕೂತು ಖಾಲಿ ಮಾಡಿದೆವು. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ವಾರದಿಂದ ಅದು ನನಗೆ ಬೆಟ್ಟದ ಹಾಗೆ ಕಾಣುತ್ತಿತ್ತು.

ರಾತ್ರಿ ಪಾಳಿ ಅವರೇ, ನಮ್ಮದು ಗಡಿಯಾರ ಬದಲಾಗುವಷ್ಟು ದೂರದ ಊರಲ್ಲ. ಆದರೆ ಅಲ್ಲಿ ರಾತ್ರಿ ಹತ್ತಕ್ಕೆ ನಿದ್ದೆ, ಬೆಳಕಾದ ಕೂಡಲೇ ಎಚ್ಚರ. ಇಲ್ಲಿಗೆ ಬಂದ ಮೇಲೆ ಹನ್ನೆರಡೂವರೆವರೆಗೆ ಫೋನ್‌ನಲ್ಲಿ ಅಲ್ಲಿನ ಫೋಟೋ ನೋಡುತ್ತಾ ಮಲಗಿರುತ್ತೇನೆ. ನೋಡಿದಷ್ಟೂ ಸಂಕಟ ಜಾಸ್ತಿ, ಆದರೂ ಬಿಡಲು ಆಗುತ್ತಿಲ್ಲ.

ಭಾರ ಸ್ವಲ್ಪ ಇಳಿದಿದೆ. ಪೂರ್ತಿ ಅಲ್ಲ.

ಒಂಟಿ ದೀಪ:

ಫೋಟೋ ವಿಷಯಕ್ಕೆ ನಾನು ಕಂಡುಕೊಂಡದ್ದು. ಒಂದು ದಿನ ಕೂತು ನಾನೂರು ಫೋಟೋದಲ್ಲಿ ಹತ್ತು ಆರಿಸಿ. ಅಚ್ಚು ಹಾಕಿಸಿ. ಉಳಿದದ್ದನ್ನು ಫೋನಿನಿಂದ ತೆಗೆದು ಬೇರೆ ಕಡೆ ಇಡಿ, ಅಳಿಸಬೇಕಿಲ್ಲ. ರಾತ್ರಿ ಒಬ್ಬರೇ ನೋಡುವುದಕ್ಕೂ ಹಗಲು ಮನೆಯವರ ಜೊತೆ ಕೂತು "ಇಲ್ಲಿ ನೀನು ಬಿದ್ದೆಯಲ್ಲ" ಅಂತ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇನ್ನೊಂದು ಮಾತು. ಅಪ್ಪ ಅಮ್ಮನ ಮನೆಗೆ ವರ್ಷಕ್ಕೊಮ್ಮೆ ಹೋಗಿ ಬರುವ ನನ್ನಂಥವರ ಕಥೆ ಬೇರೆ. ನಾನು ಬಿಟ್ಟು ಬಂದದ್ದು ಊರನ್ನಲ್ಲ, ಜನರನ್ನು. ಅದಕ್ಕೆ ಬೆಳಗಿನ ಬಿಸಿಲು, ಒಗೆದ ಹೊದಿಕೆ ಯಾವುದೂ ಸಾಕಾಗುವುದಿಲ್ಲ. ಮುಂದಿನ ಸಲ ಯಾವಾಗ ಅಂತ ತಾರೀಖು ಗೊತ್ತಾದರೆ ಮಾತ್ರ ಉಸಿರು ಸಲೀಸಾಗುತ್ತದೆ.

ಎರಡು ಚೀಲ:

ತಾರೀಖು ಅಂದಿರಲ್ಲ, ಅದಕ್ಕೆ ನನ್ನ ಅನುಭವ. ಪ್ರವಾಸದಿಂದ ಬಂದ ವಾರವೇ ಮುಂದಿನದ್ದು ಬುಕ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಗೇ ಐದು ವರ್ಷ ಮಾಡಿದೆ. ಕಾಯುವ ಖುಷಿ ನಿಜ. ಆದರೆ ನಿಧಾನವಾಗಿ ನನ್ನ ವರ್ಷ ಎರಡು ಹೋಳಾಯಿತು. ಇಪ್ಪತ್ತು ದಿನ ಬದುಕುವುದು, ಉಳಿದದ್ದು ಸಹಿಸುವುದು. ಮನೆಯ ಗೋಡೆಗೆ ಬಣ್ಣ ಕೂಡ ಹೊಡೆಸಲಿಲ್ಲ, ಯಾಕೆಂದರೆ ದುಡ್ಡೆಲ್ಲ ಪ್ರವಾಸಕ್ಕೆ.

ಆಮೇಲೆ ಗೊತ್ತಾಯಿತು, ನನಗೆ ಬೇಡವಾಗಿದ್ದದ್ದು ಆಗಿನ ಕೆಲಸ. ದಿನಾ ಎಲ್ಲರ ಮುಂದೆ ಬೈಯುವ ಮೇಲಧಿಕಾರಿ, ರಾತ್ರಿ ಹನ್ನೊಂದಕ್ಕೂ ಬರುವ ಮೆಸೇಜ್. ಪ್ರತಿ ಸಲ ಪ್ರವಾಸದಿಂದ ಬಂದಾಗ ಆಗುತ್ತಿದ್ದ ಸಂಕಟ ಅದನ್ನೇ ಹೇಳುತ್ತಿತ್ತು. ನಾನು ಅದರ ಬಾಯಿಗೆ ಇನ್ನೊಂದು ಟಿಕೆಟ್ ತುರುಕುತ್ತಿದ್ದೆ.

ಹಾಗಂತ ಬಂದ ವಾರದಲ್ಲೇ ರಾಜೀನಾಮೆ ಬರೆಯಬೇಡಿ. ಆ ವಾರ ಯಾವ ಕೆಲಸವೂ ಚೆನ್ನಾಗಿ ಕಾಣುವುದಿಲ್ಲ. ಅನಿಸಿದ್ದನ್ನು ಬರೆದಿಟ್ಟು ಒಂದು ತಿಂಗಳು ಬಿಟ್ಟು ಓದಿ. ನಾನು ಓದಿದಾಗಲೂ ಒಂದಕ್ಷರ ಬದಲಾಗಿರಲಿಲ್ಲ. ಆಮೇಲೆ ಬಿಟ್ಟೆ.

ಟಿಪ್ಪಣಿ ಪುಸ್ತಕ:

ಎರಡು ಚೀಲ ಅವರ ಮಾತಿಗೆ ಒಂದು ಸೇರಿಸುತ್ತೇನೆ. ದಣಿದ ಮನಸ್ಸು ಹೇಗೆ ಚೇತರಿಸಿಕೊಳ್ಳುತ್ತದೆ ಅಂತ ಸಬೀನ ಸೊನ್ನೆನ್‌ಟಾಗ್ ಮತ್ತು ಷಾರ್ಲೆಟ್ ಫ್ರಿಟ್ಸ್ 2007ರಲ್ಲಿ ನಾಲ್ಕು ಅನುಭವ ಗುರುತಿಸಿದರು. ಕೆಲಸದ ಯೋಚನೆ ಪೂರ್ತಿ ಬಿಟ್ಟಿರುವುದು. ಮೈ ಮನಸ್ಸು ಸಡಿಲವಾಗುವುದು. ಹೊಸದೊಂದನ್ನು ಕಲಿತು ಕೈ ಪಳಗಿಸಿಕೊಳ್ಳುವುದು. ನನ್ನ ಹೊತ್ತನ್ನು ಹೇಗೆ ಕಳೆಯಬೇಕು ಅಂತ ನಾನೇ ತೀರ್ಮಾನಿಸುವುದು.

ಇದರಲ್ಲಿ ನನಗೆ ಇಷ್ಟವಾದ ವಿಷಯ ಏನೆಂದರೆ, ಅವರು ಹೇಳಿದ್ದು ರಜೆಯ ಬಗ್ಗೆ ಮಾತ್ರ ಅಲ್ಲ. ದಿನದ ಕೆಲಸ ಮುಗಿದ ಮೇಲಿನ ಸಂಜೆಯ ಬಗ್ಗೆ. ನಾಲ್ಕರಲ್ಲಿ ಯಾವುದಕ್ಕೂ ಸಮುದ್ರ ಬೇಕಿಲ್ಲ. ನನಗೆ ಕೊನೆಯದೇ ಕಡಿಮೆ ಇತ್ತು. ಸಂಜೆ ಏಳರಿಂದ ಎಂಟು ನನ್ನದು ಅಂತ ಮನೆಯಲ್ಲಿ ಹೇಳಿದೆ. ಎರಡು ವಾರ ಒದ್ದಾಟ ಆಯಿತು, ಆಮೇಲೆ ಎಲ್ಲರಿಗೂ ಅಭ್ಯಾಸ ಆಯಿತು.

ಮಂಜು ಕಿಟಕಿ:

ಇಲ್ಲಿ ಎಲ್ಲರೂ ಸಮಾಧಾನ ಹೇಳುತ್ತಿದ್ದೀರಿ. ಅದರ ನಡುವೆ ನನ್ನ ಮಾತು ಸ್ವಲ್ಪ ಕಹಿ, ಆದರೆ ಯಾರಿಗಾದರೂ ಬೇಕಾಗಬಹುದು.

ನಾನು ನಾಲ್ಕು ತಿಂಗಳು "ಪ್ರವಾಸದಿಂದ ಬಂದ ಬೇಸರ" ಅಂತಲೇ ಹೇಳಿಕೊಂಡು ಓಡಾಡಿದೆ. ಬಂದ ಮೊದಲ ವಾರ ಅದು ನಿಜವೇ ಇದ್ದಿರಬಹುದು. ಮೂರನೇ ವಾರಕ್ಕೆ ಇಷ್ಟವಾದದ್ದು ಯಾವುದೂ ಇಷ್ಟವಾಗುತ್ತಿರಲಿಲ್ಲ. ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ ಮತ್ತೆ ನಿದ್ದೆ ಇಲ್ಲ. ಹಸಿವು ಸತ್ತಿತ್ತು. ಒಂದು ಪುಟ ಓದಲು ಮೂರು ಸಲ ಶುರು ಮಾಡುತ್ತಿದ್ದೆ. ಮನೆಯವರಿಗೆ ನಾನೊಂದು ಹೊರೆ ಅನಿಸತೊಡಗಿತು. ಆದರೂ ಕಾರಣ ಕೇಳಿದರೆ ಪ್ರವಾಸ ಅನ್ನುತ್ತಿದ್ದೆ. ಹೇಳಲು ಸುಲಭ, ಕೇಳಿದವರಿಗೂ ಗಾಬರಿ ಇಲ್ಲ.

ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಅವರು ಕೊಟ್ಟ ಹಾಳೆಯಲ್ಲಿ ಒಂಬತ್ತು ಪ್ರಶ್ನೆ, ಎಲ್ಲವೂ ಕಳೆದ ಎರಡು ವಾರದ ಬಗ್ಗೆ. ಎಲ್ಲಕ್ಕೂ "ಹೆಚ್ಚು ಕಡಿಮೆ ದಿನಾ" ಅಂತ ಗುರುತು ಹಾಕುತ್ತಾ ಹೋದಾಗ ಕೈ ನಡುಗಿತು. ಅದು ಖಿನ್ನತೆ. ಪ್ರವಾಸದ ನಂತರದ ಬೇಸರ ಅನ್ನುವುದು ವೈದ್ಯರ ಪಟ್ಟಿಯಲ್ಲಿ ಇರುವ ಕಾಯಿಲೆ ಅಲ್ಲ. ಅದು ಬರುತ್ತದೆ, ಹೋಗುತ್ತದೆ. ಹೋಗದೆ ಕೂತರೆ, ದಿನದ ಹೆಚ್ಚು ಹೊತ್ತು ಹಾಗೇ ಇದ್ದು ಎರಡು ವಾರ ದಾಟಿದರೆ, ತೋರಿಸಿ. ಬದುಕಿರುವುದೇ ಬೇಡ ಅನಿಸಿದರೆ ಎರಡು ವಾರ ಲೆಕ್ಕ ಹಾಕುತ್ತಾ ಕೂರಬೇಡಿ, ಅವತ್ತೇ ಯಾರಿಗಾದರೂ ಹೇಳಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ನಾನು ಈಗ ಚೆನ್ನಾಗಿದ್ದೇನೆ. ಮೊನ್ನೆ ಒಂದು ಪ್ರವಾಸವನ್ನೂ ಮುಗಿಸಿ ಬಂದೆ. ಮೂರು ದಿನ ಬೇಜಾರಿತ್ತು, ನಾಲ್ಕನೇ ದಿನ ಹೋಯಿತು. ಅದು ಹೋದದ್ದನ್ನು ನೋಡಿ ಆದ ನೆಮ್ಮದಿ ಅಷ್ಟಿಷ್ಟಲ್ಲ.

ನೇರ ಮಾತು:

ಮಂಜು ಕಿಟಕಿ ಅವರೇ, ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ಕೆದಕಬೇಡಿ ಅಂದದ್ದು ತಪ್ಪು. ವಾಪಸ್ ತಗೊಳ್ಳುತ್ತೇನೆ. ಕೆಲಸಕ್ಕೆ ಇಳಿಯಿರಿ ಅಂದದ್ದನ್ನು ಮಾತ್ರ ಉಳಿಸಿಕೊಳ್ಳಲೇ?

ಮಂಜು ಕಿಟಕಿ:

ಉಳಿಸಿಕೊಳ್ಳಿ, ಅದು ಸರಿಯಾದ ಮಾತು. ನನ್ನ ಚಿಕಿತ್ಸೆಯಲ್ಲೂ ಅರ್ಧ ಅದೇ ಇತ್ತು. ಮನಸ್ಸು ಸರಿಹೋದ ಮೇಲೆ ಎದ್ದರಾಯಿತು ಅಂತ ಕಾಯಬಾರದು, ಎದ್ದು ಒಂದು ಚಿಕ್ಕ ಕೆಲಸ ಮಾಡಬೇಕು, ಮನಸ್ಸು ಹಿಂದೆ ಬರುತ್ತದೆ. ಪೀಟರ್ ಲೆವಿನ್‌ಸನ್ ಅನ್ನುವ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಆದರೆ ಅವರು ಹೇಳುವುದು ಬರೀ ದುಡಿಮೆ ಅಲ್ಲ. ಮನಸ್ಸಿಗೆ ಹಿತವಾದದ್ದು, ಜನರ ಜೊತೆ ಇರುವಂಥದ್ದು ದಿನದಲ್ಲಿ ಒಂದಾದರೂ ಇರಬೇಕು.

ಕಾಲುದಾರಿ:

ಉಪ್ಪುಗಾಳಿ ಅವರೇ, ಒಂದು ಪ್ರಶ್ನೆ. ಅಲ್ಲಿನ ಒಂಬತ್ತು ದಿನದಲ್ಲಿ ನೀವು ಫೋಟೋ ತೆಗೆಯದೇ ಇದ್ದ ಹೊತ್ತು ಯಾವುದು? ಫೋನ್ ನೆನಪೇ ಆಗದಿದ್ದ ಹೊತ್ತು?

ಯಾಕೆ ಕೇಳುತ್ತೇನೆ ಅಂದರೆ, ನಾನು ಒಮ್ಮೆ ಬೆಟ್ಟಗಳ ಊರಿಗೆ ಹೋಗಿ ಬಂದು ಇದೇ ಥರ ಕುಸಿದಿದ್ದೆ. ಬೆಟ್ಟ ಬಿಟ್ಟು ಬಂದದ್ದಕ್ಕೇ ದುಃಖ ಅಂತ ನಂಬಿದ್ದೆ. ಗೋಡೆಗೆಲ್ಲ ಬೆಟ್ಟದ ಚಿತ್ರ ಅಂಟಿಸಿದೆ, ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಕೂತು ಅಲ್ಲಿನ ಒಂದು ಮಾಮೂಲಿ ದಿನವನ್ನು ಗಂಟೆ ಗಂಟೆಯಾಗಿ ಬರೆದೆ. ನನಗೆ ಬೇಕಿದ್ದದ್ದು ಬೆಳಗ್ಗೆ ಆರಕ್ಕೆ ಒಬ್ಬನೇ ಕಟ್ಟೆಯ ಮೇಲೆ ಕೂರುತ್ತಿದ್ದ ಇಪ್ಪತ್ತು ನಿಮಿಷ. ಅಷ್ಟೇ. ಅದರ ಒಂದು ಫೋಟೋ ಕೂಡ ಇರಲಿಲ್ಲ. ಈಗ ನಾನು ದಿನಾ ಆರಕ್ಕೆ ಮೆಟ್ಟಿಲ ಮೇಲೆ ಕೂರುತ್ತೇನೆ. ಬೆಟ್ಟ ಕಾಣುವುದಿಲ್ಲ, ಎದುರು ಮನೆಯ ನೀರಿನ ಟ್ಯಾಂಕ್ ಕಾಣುತ್ತದೆ. ಸಾಕಾಗುತ್ತದೆ.

ಉಪ್ಪುಗಾಳಿ:

ಕಾಲುದಾರಿ ಅವರೇ, ನಿಮ್ಮ ಪ್ರಶ್ನೆ ಓದಿದ ತಕ್ಷಣ ಉತ್ತರ ಗೊತ್ತಿತ್ತು. ಬರೆಯಲು ಎರಡು ದಿನ ಹಿಡಿಯಿತು.

ಅಮ್ಮ ಹೋಗಿ ಎರಡು ವರ್ಷ ಆಯಿತು. ಆಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಅವರು ಮೊದಲಿಂದಲೂ ಮಾತು ಕಡಿಮೆ. ಈಗ ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಊಟ ಆದ ಮೇಲೆ ರೂಮಿಗೆ ಹೋಗುತ್ತಾರೆ, ರೇಡಿಯೋ ಸಣ್ಣಗೆ ಹಚ್ಚುತ್ತಾರೆ. ನಾನು ಬಾಗಿಲ ಹತ್ತಿರ ನಿಂತು "ಏನಾದ್ರೂ ಬೇಕಾ" ಅನ್ನುತ್ತೇನೆ. "ಏನೂ ಬೇಡ" ಅನ್ನುತ್ತಾರೆ. ನಮ್ಮ ಮಾತು ಅಲ್ಲಿಗೆ ಮುಗಿಯುತ್ತದೆ.

ಅಲ್ಲಿ ಎರಡನೇ ದಿನ ಸಂಜೆ ನಾನು ದಡಕ್ಕೆ ಹೊರಟಾಗ ಅವರೂ ಎದ್ದು ಬಂದರು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒದ್ದೆ ಮರಳಿನ ಮೇಲೆ ನಡೆದರು. ಮಗಳು ಹಿಂದೆ ಅವರ ಹೆಜ್ಜೆ ಗುರುತಿನೊಳಗೇ ಕಾಲಿಟ್ಟು ಬರುತ್ತಿದ್ದಳು. ಅವರ ಹೆಜ್ಜೆ ಉದ್ದ, ಅವಳು ಪ್ರತಿ ಹೆಜ್ಜೆಗೂ ಹಾರಬೇಕಿತ್ತು. ಅದನ್ನು ನೋಡಿ ಅವರು ಏನೂ ಹೇಳದೆ ಹೆಜ್ಜೆ ಚಿಕ್ಕದು ಮಾಡಿದರು.

ಆಮೇಲೆ ತಾವಾಗಿಯೇ ಮಾತು ಶುರು ಮಾಡಿದರು. ಮೊದಲ ಸಂಬಳದಲ್ಲಿ ಅಮ್ಮನಿಗೆ ಛತ್ರಿ ತಂದದ್ದು, ಅವಳು ಬಣ್ಣ ಸರಿಯಿಲ್ಲ ಅಂತ ಬದಲಾಯಿಸಲು ಕಳಿಸಿದ್ದು, ಅವರು ನಾಚಿಕೆಯಿಂದ ಅಂಗಡಿ ಎದುರು ಮೂರು ಸಲ ಸುತ್ತಿದ್ದು. ನಲವತ್ತೊಂದು ವರ್ಷದಲ್ಲಿ ನಾನು ಈ ಕಥೆ ಕೇಳಿರಲಿಲ್ಲ. ಆಮೇಲೆ ದಿನಾ ಸಂಜೆ ಒಂದೊಂದು ಬಂತು. ಏಳು ಸಂಜೆ. ನಾನು ಫೋನ್ ತಗೊಂಡೇ ಹೋಗಿರಲಿಲ್ಲ.

ಮನೆಗೆ ಬಂದ ರಾತ್ರಿ ಅವರು ರೂಮಿಗೆ ಹೋದರು, ರೇಡಿಯೋ ಹಚ್ಚಿದರು. ನಾನು ಬಾಗಿಲ ಹತ್ತಿರ ನಿಂತು "ಏನಾದ್ರೂ ಬೇಕಾ" ಅಂದೆ. "ಏನೂ ಬೇಡ" ಅಂದರು.

ನನಗೆ ಸಮುದ್ರ ಬೇಕಿರಲಿಲ್ಲ.

ಬಾಗಿಲ ಚಿಲಕ:

ಇವತ್ತೇ ಕರೆದುಕೊಂಡು ಹೋಗಿ. ಎಲ್ಲಿಗಾದರೂ.

ರಾತ್ರಿ ಪಾಳಿ:

ಹೌದು. ಆದರೆ "ವಾಕಿಂಗ್ ಹೋಗೋಣ, ಆರೋಗ್ಯಕ್ಕೆ ಒಳ್ಳೇದು" ಅಂತ ಕರೆಯಬೇಡಿ. ವಯಸ್ಸಾದವರಿಗೆ ದಿನವಿಡೀ ಅದೇ ಕೇಳಿ ಸಾಕಾಗಿರುತ್ತದೆ. ನಿಮಗೆ ಜೊತೆ ಬೇಕು ಅಂತ ಕರೆಯಿರಿ. ಎದುರುಬದುರು ಕೂತು ಮಾತಾಡಿಸಲೂ ಹೋಗಬೇಡಿ. ಪಕ್ಕದಲ್ಲಿ ನಡೆಯುವಾಗ ಕಣ್ಣು ಕೊಡಬೇಕಿಲ್ಲ, ಸುಮ್ಮನಿದ್ದರೂ ತಪ್ಪಲ್ಲ. ನನ್ನ ರೋಗಿಗಳಲ್ಲೂ ಎಷ್ಟೋ ಜನ ನಾನು ಹಾಸಿಗೆ ಸರಿಮಾಡುತ್ತಾ ಬೆನ್ನು ತಿರುಗಿಸಿದಾಗಲೇ ಮನಸ್ಸಿನ ಮಾತು ಹೇಳುವುದು.

ಒಂಟಿ ದೀಪ:

ಮೊದಲ ದಿನವೇ ಕಥೆ ಬರಲಿ ಅಂತ ಕಾಯಬೇಡಿ. ಅಲ್ಲೂ ಎರಡನೇ ದಿನ ಬಂದದ್ದು ಅಲ್ವಾ.

ಉಪ್ಪುಗಾಳಿ:

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಕೆಲವರು ವಿಚಾರಿಸಿದ್ದೀರಿ, ಅದಕ್ಕೆ.

ಮೊದಲ ಸಂಜೆ ಕರೆದಾಗ ಅಪ್ಪ "ನೀವು ಹೋಗಿ ಬನ್ನಿ" ಅಂದರು. ಎರಡನೇ ಸಂಜೆಯೂ ಅದೇ. ಮೂರನೇ ದಿನ ನಾನು ಕರೆಯುವ ರೀತಿ ಬದಲಾಯಿಸಿದೆ. "ಒಬ್ಬಳೇ ಹೋಗಲು ಬೇಜಾರು ಅಪ್ಪ, ಗೇಟಿನ ತನಕ ಬನ್ನಿ" ಅಂದೆ. ಗೇಟಿನ ತನಕ ಬಂದರು. ಅಲ್ಲೇ ಸ್ವಲ್ಪ ಹೊತ್ತು ನಿಂತೆವು. ಆಮೇಲೆ ಅವರೇ "ಆ ತಿರುವಿನ ತನಕ ಹೋಗಿ ಬರೋಣ" ಅಂದರು. ಅವತ್ತು ಒಂದು ಮಾತೂ ಇಲ್ಲ. ಮರುದಿನವೂ ಇಲ್ಲ. ಇದು ಸಮುದ್ರದ ದಡ ಅಲ್ಲ, ವಾಹನಗಳ ರಸ್ತೆ, ಮಾತು ಕೇಳಿಸುವುದೇ ಕಷ್ಟ. ಹಾಗಾಗಿ ಒಳಗಿನ ಬೀದಿ ಹಿಡಿದೆವು.

ಐದನೇ ದಿನ ಯಾರದೋ ಮನೆ ಮುಂದೆ ಹಳೇ ಸೈಕಲ್ ನಿಂತಿತ್ತು. ಅಪ್ಪ ನಿಂತು ಅದರ ಸೀಟಿನ ಸ್ಪ್ರಿಂಗ್ ಒತ್ತಿ ನೋಡಿದರು. "ನಿಮ್ಮಮ್ಮನಿಗೆ ಸೈಕಲ್ ಕಲಿಸಿದ್ದೆ, ಗೊತ್ತಾ" ಅಂದರು. ಗೊತ್ತಿರಲಿಲ್ಲ.

ಬೆಳಗಿನ ಭಾರ ಈಗ ಕಡಿಮೆ. ಯಾವ ದಿನ ಹೋಯಿತು ಅಂತ ಹೇಳಲಾರೆ. ಮೊನ್ನೆ ನೆನಪಾದಾಗ ಇರಲಿಲ್ಲ, ಅಷ್ಟೇ. ರಾತ್ರಿ ಹತ್ತೂವರೆಗೆ ಫೋನ್ ಬೇರೆ ರೂಮಿನಲ್ಲಿ ಇಡುತ್ತೇನೆ. ಫೋಟೋ ಹತ್ತು ಆರಿಸಿದ್ದೇವೆ. ಒಂದರಲ್ಲಿ ಮಾತ್ರ ಅಪ್ಪ ಇದ್ದಾರೆ, ಅದೂ ಬೆನ್ನು. ಆಫೀಸಿನಲ್ಲಿ ಕೇಳಿ ಮುಂದಿನ ಸಲಕ್ಕೆ ಬಂದ ಮೇಲಿನ ಒಂದು ದಿನ ರಜೆ ಈಗಲೇ ಬರೆಸಿಟ್ಟಿದ್ದೇನೆ.

ಇನ್ನೂ ಬರೆಯಬೇಕಿತ್ತು. ಆದರೆ ಆರೂ ಹತ್ತಾಯಿತು. ಅಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಾರೆ, "ಇವತ್ತು ಲೇಟಾ" ಅಂತ ಕೇಳುತ್ತಿದ್ದಾರೆ.